ಕೆರೆಯ ಲೆಕ್ಕ: ಬೆಂಗಳೂರಿನ ನೀರು, ಹಸಿರು ಮತ್ತು ನೀತಿಯ ಕಥೆ



ಬೆಂಗಳೂರಿನ ಕೆಂಪೇಗೌಡ ಬಸ್ ನಿಲ್ದಾಣ ನಿಮ್ಮಲ್ಲಿ ಬಹಳ ಮಂದಿಗೆ ಗೊತ್ತಿರಬಹುದು. ‘ಮೆಜೆಸ್ಟಿಕ್’ ಎಂದರೆ ಇನ್ನೂ ಬೇಗ ಗೊತ್ತಾಗುತ್ತದೆ. ನಾಡಿನ ಮೂಲೆಮೂಲೆಗಳಿಂದ ಬಂದ ಬಸ್ಸುಗಳು ತಂಗುವ ಆ ಜಾಗದಲ್ಲಿ ಹಿಂದೆ ತಂಗುತ್ತಿದ್ದುದು ನೀರು. ಅಲ್ಲಿ ಧರ್ಮಾಂಬುಧಿ ಎಂಬ ಕೆರೆಯಿತ್ತು. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಚಲ್ಲಘಟ್ಟದ ಕೆರೆ ಗಾಲ್ಫ್ ಮೈದಾನವಾಯಿತು. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಕ್ರೀಡಾಂಗಣವಾಯಿತು. ಕೋರಮಂಗಲದ ಕೆರೆಯಂಗಳದಲ್ಲಿ 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆಂದು ವಸತಿ ಸಮುಚ್ಚಯ ಎದ್ದಿತು.

ಬಸ್ ನಿಲ್ದಾಣ ಬೇಡವೆಂದು ಯಾರೂ ಹೇಳಲಾರರು. ಕ್ರೀಡಾಂಗಣವೂ ಬೇಕು. ಆದರೆ ಇತಿಹಾಸದ ವಿದ್ಯಾರ್ಥಿಗಳಾದ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ. ಬಸ್ ನಿಲ್ದಾಣದಿಂದ ಆಗುವ ಲಾಭವನ್ನು ಲೆಕ್ಕ ಹಾಕಬಹುದು. ಅದು ಸರಕಾರದ ಕಡತದಲ್ಲಿ ಬರೆದಿರುತ್ತದೆ. ಕೆರೆಯಿಂದ ಆಗುತ್ತಿದ್ದ ಲಾಭ ಯಾವ ಕಡತದಲ್ಲಿತ್ತು? ಅದನ್ನು ಯಾರೂ ಬರೆದಿಟ್ಟಿರಲಿಲ್ಲವಾದರೆ ಕೆರೆ ಮುಚ್ಚುವ ದಿನ ತಕ್ಕಡಿಯ ಒಂದು ತಟ್ಟೆ ಬರಿದಾಗಿಯೇ ಇತ್ತೆಂದು ತಾನೆ ಅರ್ಥ?

ಪರಿಸರ ನೀತಿಯಲ್ಲಿ ಇಂದು ಮೂರು ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆ: ಪರಿಸರ ವ್ಯವಸ್ಥೆಯ ಸೇವೆಗಳು, ಜೀವವೈವಿಧ್ಯ, ಹಸಿರು ತಾಣಗಳು. ಪುಸ್ತಕದಲ್ಲಿ ಓದಿದಾಗ ಇವು ಒಣ ಮಾತುಗಳಂತೆ ತೋರುತ್ತವೆ. ಬೆಂಗಳೂರಿನ ಕೆರೆಗಳ ಕಥೆಯ ಮೂಲಕ ನೋಡಿದರೆ ಅವುಗಳಿಗೆ ಜೀವ ಬರುತ್ತದೆ. ಬನ್ನಿ, ಮೊದಲಿನಿಂದ ನೋಡೋಣ.

ನದಿಯಿಲ್ಲದ ಊರಿನ ಜಾಣತನ

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಒಂದು ದಿಣ್ಣೆಯ ಬೆನ್ನಿನ ಮೇಲಿರುವ ಊರು. ಪಕ್ಕದಲ್ಲಿ ವರ್ಷವಿಡೀ ಹರಿಯುವ ದೊಡ್ಡ ನದಿಯಿಲ್ಲ. ಇಲ್ಲಿ ಬಿದ್ದ ಮಳೆ ನಿಲ್ಲದೆ ಎರಡು ದಿಕ್ಕಿಗೆ ಇಳಿದು ಹೋಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿಯ ಮೂಲಕ ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ. ಪೂರ್ವಕ್ಕೆ ಇಳಿದದ್ದು ಹೆಬ್ಬಾಳ ಕಣಿವೆ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ನೆಲದಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಇಂಗಿ ನಿಲ್ಲುವುದೆಲ್ಲ ಮೇಲಿನ ಸಡಿಲ ಮಣ್ಣಿನಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ.

ಇಂಥ ನೆಲದಲ್ಲಿ ಬದುಕಬೇಕಾದರೆ ಉಪಾಯ ಒಂದೇ. ಓಡುವ ನೀರಿಗೆ ಅಡ್ಡಗಟ್ಟಬೇಕು. ನಮ್ಮ ಹಿರಿಯರು ಮಾಡಿದ್ದು ಅದನ್ನೇ. ಅಗರದಲ್ಲಿ ದೊರೆತಿರುವ, ಗಂಗರ ಕಾಲದ ಒಂಬತ್ತನೆಯ ಶತಮಾನದ ಶಾಸನವೊಂದು ಕೆರೆಗಳಿಗೆ ತೂಬು ಇಡಿಸಿದ, ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುತ್ತದೆ. 1537ರ ಸುಮಾರಿಗೆ ಕೆಂಪೇಗೌಡರು ಪೇಟೆ ಕಟ್ಟುವ ವೇಳೆಗೆ ಈ ಸೀಮೆಯಲ್ಲಿ ಕೆರೆ ಕಟ್ಟುವ ವಿದ್ಯೆಗೆ ಆರುನೂರು ವರ್ಷಕ್ಕೂ ಹೆಚ್ಚು ವಯಸ್ಸಾಗಿತ್ತು. ಪೇಟೆಯ ಜೊತೆಗೇ ಧರ್ಮಾಂಬುಧಿ, ಕೆಂಪಾಂಬುಧಿಗಳು ಬಂದವು. ಊರು ಬೇಕಾದರೆ ಮೊದಲು ಕೆರೆ ಬೇಕೆಂಬುದು ಅಂದಿನ ನಗರ ಯೋಜನೆಯ ಮೊದಲ ಪಾಠ.

ಕೆರೆಗಳನ್ನು ಬಿಡಿಬಿಡಿಯಾಗಿ ಕಟ್ಟಲಿಲ್ಲ ಎಂಬುದನ್ನು ಗಮನಿಸಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಮಡಿವಾಳದಿಂದ ಅಗರ, ಅಗರದಿಂದ ಬೆಳ್ಳಂದೂರು, ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ ಹೀಗೆ ಒಂದು ಸರಪಳಿ. ಸರಪಳಿಯ ಒಂದು ಕೊಂಡಿ ಕಳಚಿದರೆ ಪೆಟ್ಟು ಬೀಳುವುದು ಆ ಒಂದು ಕೆರೆಗಲ್ಲ, ಇಡೀ ಕಣಿವೆಗೆ. 1860ರ ದಶಕದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, ಹೊಸ ಕೆರೆಗೆ ತಕ್ಕ ಜಾಗ ಹುಡುಕಲು ಈ ಸೀಮೆಯಲ್ಲಿ ಬಹಳ ಜಾಣ್ಮೆ ಬೇಕು ಎಂಬರ್ಥದ ಮಾತು ಬರೆದರು. ಕಟ್ಟಬಹುದಾದ ಕಡೆಯಲ್ಲೆಲ್ಲ ಜನ ಆಗಲೇ ಕಟ್ಟಿದ್ದರು!

ಒಂದು ಕೆರೆ, ಹತ್ತು ಕೆಲಸ

ಕೆರೆ ಎಂದರೆ ಬರಿಯ ನೀರಿನ ತೊಟ್ಟಿಯಲ್ಲ. ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ ಭತ್ತ, ರಾಗಿ, ತರಕಾರಿ. ಸುತ್ತಲಿನ ಬಾವಿಗಳಿಗೆ ಒರತೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಂಗಳದಲ್ಲಿ ದನಕರುಗಳಿಗೆ ಹುಲ್ಲು. ತೆಗೆದ ಹೂಳು ಹೊಲಕ್ಕೆ ಗೊಬ್ಬರ, ಜೇಡಿ ಕುಂಬಾರನಿಗೆ ಕಸುಬು. ಮಡಿವಾಳರಿಗೆ ಬಟ್ಟೆ ಒಗೆಯುವ ಕಲ್ಲು. ಬಡವರ ಮನೆಗೆ ಮೀನು, ಏಡಿ, ದಂಡೆಯ ಸೊಪ್ಪು. ಹತ್ತಿರದಲ್ಲಿ ಮಾವು, ಹುಣಸೆ, ನೇರಳೆ, ಹಲಸಿನ ಗುಂಡುತೋಪು. ದಾರಿಹೋಕರಿಗೂ ದನ ಕಾಯುವವರಿಗೂ ಅದೇ ನೆರಳು. ಏರಿಯ ಮೇಲೆ ಕೆರೆಯಮ್ಮನ ಗುಡಿ.

ಇವೆಲ್ಲ ಮನುಷ್ಯನ ಕಣ್ಣಿಗೆ ಕಾಣುವ ಲಾಭಗಳು. ಕಾಣದ ಕೆಲಸಗಳೂ ಇದ್ದವು. ಜೋರು ಮಳೆ ಬಂದಾಗ ಕೆರೆ ನೀರಿನ ಓಟವನ್ನು ತಡೆದು ಪ್ರವಾಹದ ಬಿರುಸನ್ನು ತಗ್ಗಿಸುತ್ತಿತ್ತು. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿ ಗಾಳಿಯನ್ನು ತಂಪಾಗಿಸುತ್ತಿತ್ತು. ಕೆರೆಗೆ ನೀರು ಬರುವ ಬಾಯಿಯಲ್ಲಿ ಬೆಳೆದ ಜೊಂಡು ಮತ್ತು ಆಪು ಹುಲ್ಲು ನೀರಿನಲ್ಲಿದ್ದ ಮಣ್ಣನ್ನು ತಡೆದು, ಸಾರಜನಕ, ರಂಜಕಗಳನ್ನು ಬೇರಿನ ಮೂಲಕ ಹೀರಿಕೊಂಡು, ತಿಳಿಯಾದ ನೀರನ್ನು ಒಳಗೆ ಬಿಡುತ್ತಿತ್ತು. ಅದೇ ಜೊಂಡಿನಲ್ಲಿ ನೀರುಕೋಳಿ ಗೂಡು ಕಟ್ಟುತ್ತಿತ್ತು. ಆಳವಿಲ್ಲದ ಅಂಚಿನಲ್ಲಿ ಬೆಳ್ಳಕ್ಕಿ, ಕೊಕ್ಕರೆಗಳು ಮೇಯುತ್ತಿದ್ದವು. ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಗಳು ಸೊಳ್ಳೆಯ ಮರಿಗಳನ್ನು ತಿಂದು ಹಾಕುತ್ತಿದ್ದವು. ಜೀವವೈವಿಧ್ಯವೆಂದರೆ ಅಲಂಕಾರವಲ್ಲ. ಕೆರೆಯ ಕೆಲಸ ನಡೆಯುವುದೇ ಈ ಕೂಲಿಯಿಲ್ಲದ ಕೆಲಸಗಾರರಿಂದ.

ಇಷ್ಟನ್ನು ಕಾಪಾಡಲು ಒಂದು ವ್ಯವಸ್ಥೆಯೂ ಇತ್ತು. ತೂಬೆತ್ತಿ ನೀರು ಹಂಚುವವನು ನೀರಗಂಟಿ. ಕೆರೆ ಕಟ್ಟಿಸಿದವರಿಗೆ, ನೋಡಿಕೊಂಡವರಿಗೆ ಕೊಡುತ್ತಿದ್ದ ಭೂಮಿಗೆ ಶಾಸನಗಳಲ್ಲಿ ಕಟ್ಟುಕೊಡಗೆ ಎಂಬ ಹೆಸರಿದೆ. ಅಂದರೆ ಕೆರೆಯ ಖರ್ಚಿಗೆ ಕೆರೆಯ ಆದಾಯವನ್ನೇ ಕಟ್ಟಿಹಾಕಿದ್ದರು. ಹಾಗೆಂದು ಅದನ್ನು ಸುವರ್ಣಯುಗ ಎಂದು ಕರೆಯಬೇಡಿ. ನೀರಗಂಟಿಯ ಕೆಲಸ ಅನೇಕ ಕಡೆ ದಲಿತ ಕುಟುಂಬಗಳ ಪಾಲಿಗೆ ಬಂದಿದ್ದರೂ ನೀರು ಹೆಚ್ಚಾಗಿ ಸಿಗುತ್ತಿದ್ದುದು ಏರಿಯ ಕೆಳಗೆ ಒಳ್ಳೆಯ ಗದ್ದೆ ಇದ್ದವರಿಗೆ. ಕೆಲವು ಕೆರೆ ಬಾವಿಗಳಲ್ಲಿ ಎಲ್ಲರೂ ಒಂದೇ ಕಡೆ ನೀರು ಮುಟ್ಟುವಂತಿರಲಿಲ್ಲ. ಹಳೆಯ ವ್ಯವಸ್ಥೆಯಿಂದ ನಾವು ಕಲಿಯಬೇಕಾದುದು ಅದರ ಜಾಣತನವನ್ನು, ಅದರ ಅನ್ಯಾಯವನ್ನಲ್ಲ.

ನಲ್ಲಿ ಬಂತು, ಕೆರೆ ಮರೆಯಿತು

ಬ್ರಿಟಿಷರ ದಂಡುಪ್ರದೇಶ 1809ರಲ್ಲಿ ನೆಲೆಗೊಂಡಿತು. ಪೇಟೆ ಮತ್ತು ದಂಡು ಎರಡೂ ಬೆಳೆದವು. 1870ರ ದಶಕದ ಘೋರ ಬರಗಾಲ ಕೆರೆಗಳನ್ನು ಬತ್ತಿಸಿತು. 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಅದೂ ಸಾಲದೆ, 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ತರುವ ಯೋಜನೆ ಬಂತು. ಮಳೆ ಕೈಕೊಟ್ಟ ವರ್ಷಗಳಲ್ಲಿ ಹೆಸರಘಟ್ಟವೂ ಸಾಲದಾದಾಗ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತ. ಇಂದು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ಕಾವೇರಿಯನ್ನು ಬೆಂಗಳೂರಿಗೆ ಹತ್ತಿಸಲಾಗುತ್ತಿದೆ. 2024ರ ಅಕ್ಟೋಬರ್‌ನಲ್ಲಿ ಐದನೆಯ ಹಂತ ಉದ್ಘಾಟನೆಯಾಯಿತು.

ನಲ್ಲಿ ನೀರು ದೊಡ್ಡ ವರ. ಕಾಲರಾದಂಥ ರೋಗಗಳನ್ನು ತಡೆಯಲು ಶುದ್ಧ ನೀರು ಬೇಕೇ ಬೇಕಿತ್ತು. ಆದರೆ ನಲ್ಲಿ ಬಂದ ಮೇಲೆ ಜನರ ಮನಸ್ಸಿನಲ್ಲಿ ಒಂದು ಬದಲಾವಣೆ ನಡೆಯಿತು. ಕುಡಿಯುವ ನೀರಿಗೆ ಕೆರೆ ಬೇಡವಾಯಿತು. ಊರು ಬೆಳೆದು ಗದ್ದೆಗಳು ಮನೆ ನಿವೇಶನಗಳಾದಾಗ ನೀರಾವರಿಗೂ ಕೆರೆ ಬೇಡವಾಯಿತು. ಕುಡಿಯುವುದಕ್ಕೂ ಅಲ್ಲದ, ಬೆಳೆಗೂ ಅಲ್ಲದ ಕೆರೆ ಅಧಿಕಾರಿಗಳ ಕಣ್ಣಿಗೆ ಸೊಳ್ಳೆ ಸಾಕುವ ಹೊಂಡವಾಗಿ, ಮಲೇರಿಯಾದ ಮೂಲವಾಗಿ, ಕೊನೆಗೆ ‘ಖಾಲಿ ಜಾಗ’ವಾಗಿ ಕಂಡಿತು.

ಸಂಪಂಗಿ ಕೆರೆಯ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಪೇಟೆಗೂ ದಂಡಿಗೂ ನಡುವೆ ಇದ್ದ ಈ ಕೆರೆಯ ನೀರನ್ನು ನಂಬಿ ತಿಗಳ ಸಮುದಾಯದ ತೋಟಗಾರರು ಹೂವು ತರಕಾರಿ ಬೆಳೆಯುತ್ತಿದ್ದರು. ಅವರಿಗೆ ಕೆರೆ ತುಂಬಿರಬೇಕು. ಆಡಳಿತಕ್ಕೆ ಆರೋಗ್ಯದ ಚಿಂತೆ. ದಂಡಿನವರಿಗೆ ಆಟದ ಬಯಲು ಬೇಕು. ಕೊನೆಗೆ ತೋಟಗಾರರ ಮಾತು ಸೋತಿತು, ಕೆರೆ ಒಣಗಿತು. ಇಂದು ಅಲ್ಲಿ ಉಳಿದಿರುವುದು ಒಂದು ಸಣ್ಣ ಹೊಂಡ. ಬೆಂಗಳೂರು ಕರಗದ ಆಚರಣೆಗೆ ಅದು ಬೇಕೆಂಬ ಕಾರಣಕ್ಕೆ ಅಷ್ಟಾದರೂ ಉಳಿದಿದೆ. ಯೋಚಿಸಿ: ನೀರಾವರಿ, ಮೀನು, ಒರತೆ ಯಾವುದೂ ಉಳಿಸಲಾಗದ ಕೆರೆಯ ತುಣುಕೊಂದನ್ನು ಜನರ ಭಕ್ತಿ ಉಳಿಸಿತು.

ಇನ್ನೊಂದು ವಿಪರ್ಯಾಸವಿದೆ. ಹತ್ತಿರದ ಕೆರೆಯ ಬದಲಿಗೆ ನಾವು ನಂಬಿದ ದೂರದ ಜಲಾಶಯವೂ ತನ್ನ ಮೇಲಿನ ಹಳ್ಳಕೊಳ್ಳ, ಕೆರೆ, ಅಂತರ್ಜಲಗಳನ್ನೇ ನಂಬಿತ್ತು. ಅರ್ಕಾವತಿ ಕಣಿವೆಯಲ್ಲಿ ಕೊಳವೆಬಾವಿಗಳು ಹೆಚ್ಚಿದವು, ನೀಲಗಿರಿ ತೋಪುಗಳು ಹಬ್ಬಿದವು, ಹಳ್ಳಗಳು ಬತ್ತಿದವು. 2010ರ ದಶಕದ ಆರಂಭದ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ಕುಡಿಯುವ ನೀರೆತ್ತುವುದು ನಿಂತುಹೋಯಿತು.

ಉದ್ಯಾನಗಳು ಹೇಗೆ ಬದುಕಿದವು?

ಕೆರೆಗೆ ಹೋಲಿಸಿದರೆ ಉದ್ಯಾನದ ಅದೃಷ್ಟ ಚೆನ್ನಾಗಿತ್ತು. 1760ರಲ್ಲಿ ಹೈದರ್ ಅಲಿ ಆರಂಭಿಸಿದ, ಟಿಪ್ಪು ಸುಲ್ತಾನ್ ಬೆಳೆಸಿದ ಲಾಲ್‌ಬಾಗ್ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. 1870ರಲ್ಲಿ ಕಬ್ಬನ್ ಪಾರ್ಕ್ ರೂಪುಗೊಂಡಿತು. ಅದರ ಯೋಜನೆಯ ಹಿಂದೆಯೂ ಸ್ಯಾಂಕಿ ಇದ್ದರು. 1898ರಲ್ಲಿ ಪ್ಲೇಗು ಬಂದಾಗ ಕಿಕ್ಕಿರಿದ ಪೇಟೆಯೇ ರೋಗಕ್ಕೆ ಕಾರಣವೆಂದು ಭಾವಿಸಿ, ಅಗಲ ರಸ್ತೆ, ಗಾಳಿ ಬೆಳಕು, ಉದ್ಯಾನಗಳಿರುವ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ರೂಪಿಸಿದರು. ‘ಉದ್ಯಾನ ನಗರಿ’ ಎಂಬ ಹೆಸರಿನ ಹಿಂದೆ ಸೌಂದರ್ಯದಷ್ಟೇ ಆರೋಗ್ಯದ ವಿಚಾರವೂ ಇದೆ.

ಉದ್ಯಾನಕ್ಕೆ ಕಾನೂನಿನ ಬಲವೂ ಬೇಗ ಸಿಕ್ಕಿತು. 1975ರಲ್ಲಿ ಸರಕಾರಿ ಉದ್ಯಾನಗಳ ಸಂರಕ್ಷಣೆಗೆ, 1976ರಲ್ಲಿ ಮರಗಳ ಸಂರಕ್ಷಣೆಗೆ, 1985ರಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆ ಕರ್ನಾಟಕ ಕಾಯಿದೆಗಳನ್ನು ಮಾಡಿತು. ಬೆಂಗಳೂರಿನ ಒಂದು ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟ ಕ್ರಮವನ್ನು ಅಲ್ಲಿಯ ನಿವಾಸಿಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟು ನಿವಾಸಿಗಳ ಪರವಾಗಿ ತೀರ್ಪು ಕೊಟ್ಟಿತು: ಆಸ್ಪತ್ರೆ ಒಳ್ಳೆಯದೇ ಆದರೂ ಉದ್ಯಾನದ ಜಾಗವನ್ನು ಅದಕ್ಕೆ ತಿರುಗಿಸುವಂತಿಲ್ಲ. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಪ್ರಸಿದ್ಧವಾದ ಇದನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. 1998ರಲ್ಲಿ ಕಬ್ಬನ್ ಪಾರ್ಕಿನ ಎಲ್ಲೆಯನ್ನು ಕುಗ್ಗಿಸುವ ಪ್ರಯತ್ನ ನಡೆದಾಗ ನಾಗರಿಕರು ಬೀದಿಗಿಳಿದರು.

ಕೆರೆಗಳ ಪರವಾಗಿ ಇಂಥ ದನಿ ತಡವಾಗಿ ಎದ್ದಿತು. 1976ರ 42ನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳನ್ನು ತೆರೆದು ನೋಡಿ. ಕಾಡು, ನದಿ, ವನ್ಯಜೀವಿಗಳ ಜೊತೆಗೆ ಸರೋವರಗಳನ್ನು ಕಾಪಾಡುವುದೂ ಪ್ರತಿ ಪ್ರಜೆಯ ಕರ್ತವ್ಯ ಎಂದಿದೆ. ಆದರೂ ಬೆಂಗಳೂರಿನ ಕೆರೆಗಳ ಪರಿಸ್ಥಿತಿಯನ್ನು ಪರಿಶೀಲಿಸಲು ಎನ್. ಲಕ್ಷ್ಮಣ ರಾವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾದದ್ದು 1985ರಲ್ಲಿ. ಇರುವ ಕೆರೆಗಳನ್ನು ಒಡೆಯಬಾರದು, ಕೊಳಚೆ ಸೇರದಂತೆ ನೋಡಿಕೊಳ್ಳಬೇಕು, ಒಡೆದುಹೋದ ಕೆರೆಗಳ ಅಂಗಳದಲ್ಲಿ ಮರ ಬೆಳೆಸಬೇಕು ಎಂಬುದು ಸಮಿತಿಯ ಶಿಫಾರಸುಗಳ ಸಾರ. ಕೆರೆಯನ್ನು ನೀರಾವರಿಯ ಹೊರತಾದ ಕಾರಣಗಳಿಗಾಗಿ ಉಳಿಸಬೇಕೆಂದು ಸರಕಾರಿ ಮಟ್ಟದಲ್ಲಿ ಹೇಳಿದ ಮುಖ್ಯ ದಾಖಲೆ ಇದು.

‘ಸೇವೆ’ ಎಂಬ ಹೊಸ ಮಾತು

ಇದೇ ಹೊತ್ತಿಗೆ ಜಗತ್ತಿನ ವಿಜ್ಞಾನಿಗಳು ಒಂದು ಹೊಸ ಮಾತನ್ನು ಬಳಕೆಗೆ ತರುತ್ತಿದ್ದರು. 1981ರಲ್ಲಿ ಪಾಲ್ ಮತ್ತು ಆ್ಯನ್ ಎರ್ಲಿಕ್ ದಂಪತಿಗಳು ‘ಪರಿಸರ ವ್ಯವಸ್ಥೆಯ ಸೇವೆಗಳು’ ಎಂಬ ಪದವನ್ನು ಬಳಸಿದರು. 1992ರ ರಿಯೋ ಶೃಂಗಸಭೆಯಲ್ಲಿ ಜೀವವೈವಿಧ್ಯ ಒಪ್ಪಂದ ಸಹಿಗೆ ತೆರೆದುಕೊಂಡಿತು. 1997ರಲ್ಲಿ ರಾಬರ್ಟ್ ಕೋಸ್ಟಾಂಜ ಮತ್ತು ಸಂಗಡಿಗರು ಭೂಮಿಯ ಪರಿಸರ ವ್ಯವಸ್ಥೆಗಳು ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆಯ ಸೇವೆ ಸಲ್ಲಿಸುತ್ತವೆ ಎಂದು ಅಂದಾಜು ಮಾಡಿದರು. ಅಂದಿನ ಜಗತ್ತಿನ ಎಲ್ಲ ದೇಶಗಳ ಒಟ್ಟು ರಾಷ್ಟ್ರೀಯ ಉತ್ಪನ್ನಕ್ಕಿಂತ ಅದು ಹೆಚ್ಚು. 2005ರಲ್ಲಿ ವಿಶ್ವಸಂಸ್ಥೆಯ ಆಶ್ರಯದ ಸಹಸ್ರಮಾನದ ಸಮೀಕ್ಷೆ ಈ ಸೇವೆಗಳನ್ನು ನಾಲ್ಕು ಗುಂಪು ಮಾಡಿತು. ನೀರು, ಮೀನು, ಹುಲ್ಲಿನಂಥವು ಒದಗಿಸುವ ಸೇವೆಗಳು. ಪ್ರವಾಹ ತಡೆ, ತಂಪು, ನೀರಿನ ಶುದ್ಧಿ ನಿಯಂತ್ರಿಸುವ ಸೇವೆಗಳು. ಗುಡಿ, ಕರಗ, ವಿಹಾರ, ಪಾಠ ಸಾಂಸ್ಕೃತಿಕ ಸೇವೆಗಳು. ಮಣ್ಣು ರೂಪುಗೊಳ್ಳುವುದು, ಪೋಷಕಾಂಶಗಳು ಸುತ್ತಿ ಬರುವುದು ಇವೆಲ್ಲಕ್ಕೂ ಆಧಾರವಾದ ಪೋಷಕ ಸೇವೆಗಳು.

ಈಗ ಹಿಂದಿನ ಪುಟಕ್ಕೆ ಹೋಗಿ ಕೆರೆಯ ಕೆಲಸಗಳನ್ನು ಮತ್ತೆ ಓದಿ. ನಾಲ್ಕೂ ಗುಂಪು ಅಲ್ಲಿ ಸಿಗುತ್ತವೆ. ನಮ್ಮ ನೀತಿ ಎಡವಿದ್ದು ಎಲ್ಲಿ ಎಂಬುದೂ ತಿಳಿಯುತ್ತದೆ. ಅದು ಪ್ರತಿ ಕಾಲದಲ್ಲೂ ಕೆರೆಯ ಒಂದೇ ಕೆಲಸವನ್ನು ನೋಡಿತು. ನೀರಾವರಿ ಇಲಾಖೆಗೆ ಅಚ್ಚುಕಟ್ಟು, ನೀರು ಸರಬರಾಜಿನವರಿಗೆ ಕುಡಿಯುವ ನೀರು, ಯೋಜಕರಿಗೆ ಜಾಗ. ಆ ಒಂದು ಕೆಲಸ ಮುಗಿದ ಕೂಡಲೇ ಕೆರೆಯೂ ಮುಗಿಯಿತೆಂದು ತಿಳಿದರು. ಉಳಿದ ಒಂಬತ್ತು ಕೆಲಸಗಳಿಗೆ ಇಲಾಖೆಯೂ ಇರಲಿಲ್ಲ, ಕಡತವೂ ಇರಲಿಲ್ಲ.

ಈ ಒಕ್ಕಣ್ಣಿನ ನೋಟ ಇನ್ನೂ ಪೂರ್ತಿ ಹೋಗಿಲ್ಲ. 2017ರ ಕೇಂದ್ರ ಸರಕಾರದ ಜೌಗು ಪ್ರದೇಶ ನಿಯಮಗಳು ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಎಂದೇ ಮನುಷ್ಯರು ಕಟ್ಟಿದ ಜಲಾಶಯಗಳನ್ನು ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಆದರೆ 2024ರಲ್ಲಿ ನಮ್ಮ ರಾಜ್ಯದ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳು ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳಾದವು. ಇವೆರಡೂ ನೀರಾವರಿಗೆಂದು ಜನ ಕಟ್ಟಿದ ಕೆರೆಗಳೇ! ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಕೆರೆ ಏತಕ್ಕೆ ಕಟ್ಟಿದ್ದು ಎಂದು ಹಕ್ಕಿ ಕೇಳುವುದಿಲ್ಲ.

ನೊರೆ, ಬೆಂಕಿ, ನೆರೆ

ಲೆಕ್ಕಕ್ಕೆ ಬಾರದ ಸೇವೆ ನಿಂತುಹೋದಾಗ ಏನಾಗುತ್ತದೆ? ಬೆಂಗಳೂರು ಅದನ್ನು ಕಣ್ಣಾರೆ ಕಂಡಿತು. 2011ರ ಜನಗಣತಿಯ ಹೊತ್ತಿಗೆ ನಗರದ ಜನಸಂಖ್ಯೆ ಸುಮಾರು 84 ಲಕ್ಷ. ಮನೆಗಳಿಗೆ ಬಂದ ಕಾವೇರಿ ನೀರಿನ ಬಹುಭಾಗ ಕೊಳಚೆಯಾಗಿ ಹೊರಗೆ ಹೋಗಬೇಕು. ಶುದ್ಧೀಕರಣ ಘಟಕಗಳು ಸಾಲದೆ ಅದು ರಾಜಕಾಲುವೆಗಳ ಮೂಲಕ ಕೆರೆಗಳಿಗೆ ನುಗ್ಗಿತು. ಮಿತಿಯಲ್ಲಿದ್ದರೆ ಜೊಂಡು ಹೀರಿಕೊಳ್ಳಬಹುದಾದ ರಂಜಕ, ಸಾರಜನಕಗಳು ಮಿತಿಮೀರಿದಾಗ ಪಾಚಿಯೂ ಅಂತರಗಂಗೆಯೂ ಹಬ್ಬಿ, ಕೊಳೆತು, ನೀರಿನಲ್ಲಿದ್ದ ಆಮ್ಲಜನಕವನ್ನು ಮುಗಿಸಿಬಿಡುತ್ತವೆ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಮಾರ್ಜಕಗಳು ಸೇರಿದ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯಲ್ಲಿ ನೊರೆ ಆಳೆತ್ತರ ಏರಿ ರಸ್ತೆಗೆ ಹಾರಿತು. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿತು. 2017ರಲ್ಲಿ, 2018ರಲ್ಲಿ ಮತ್ತೆ ಕೆರೆಯಲ್ಲಿ ಬೆಂಕಿ ಕಾಣಿಸಿತು. ನೀರಿಗೆ ಬೆಂಕಿ ಬಿದ್ದ ಸುದ್ದಿಯನ್ನು ಜಗತ್ತೆಲ್ಲ ಓದಿತು.

2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ನೆರೆ ಬಂದು ಮನೆಗಳಿಗೂ ಕಚೇರಿಗಳಿಗೂ ನೀರು ನುಗ್ಗಿತು. ಜನ ಟ್ರ್ಯಾಕ್ಟರುಗಳಲ್ಲಿ ಓಡಾಡಿದರು. ಒಂದೂವರೆ ವರ್ಷ ಕಳೆಯುವುದರೊಳಗೆ, 2024ರ ಬೇಸಿಗೆಯಲ್ಲಿ, ಅದೇ ನಗರದ ಕೊಳವೆಬಾವಿಗಳು ಬತ್ತಿ ಟ್ಯಾಂಕರುಗಳ ಮುಂದೆ ಸಾಲು ನಿಂತಿತು. ಮಳೆ ಬಂದರೆ ಮುಳುಗುವ, ಬಾರದಿದ್ದರೆ ಒಣಗುವ ಊರು ಎಂದರೆ, ನಡುವೆ ನೀರನ್ನು ಹಿಡಿದಿಡುತ್ತಿದ್ದ ಯಾವುದೋ ವಸ್ತು ಕಾಣೆಯಾಗಿದೆ ಎಂದರ್ಥ. ಅದು ಯಾವುದೆಂದು ನಿಮಗೀಗ ಗೊತ್ತು.

ಕಾನೂನಿನ ಹಗ್ಗಜಗ್ಗಾಟ

ಇತ್ತ ಆಡಳಿತವೂ ಸುಮ್ಮನೆ ಕೂತಿರಲಿಲ್ಲ. 2002ರಲ್ಲಿ ಕೆರೆ ಅಭಿವೃದ್ಧಿ ಪ್ರಾಧಿಕಾರ ಬಂತು. ಅದು ಕೆಲವು ಕೆರೆಗಳನ್ನು ಅಭಿವೃದ್ಧಿಗೆಂದು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಾಗ ವಿವಾದವೆದ್ದಿತು. 2008ರಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೈಕೋರ್ಟಿಗೆ ಹೋಯಿತು, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಅವರ ನೇತೃತ್ವದ ಸಮಿತಿ ಕೆರೆಗಳ ಸ್ಥಿತಿಗತಿಯನ್ನು ಪರಿಶೀಲಿಸಿತು. 2012ರ ತೀರ್ಪು ಕೆರೆಗಳನ್ನು ಸಾರ್ವಜನಿಕ ಆಸ್ತಿಯಾಗಿಯೇ ಕಾಪಾಡುವ ದಾರಿ ತೋರಿತು. 2014ರಲ್ಲಿ ಕೆರೆಗಳ ಸಂರಕ್ಷಣೆಗೆಂದೇ ರಾಜ್ಯ ಕಾಯಿದೆ ಬಂತು. 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಕಟ್ಟಡವಿಲ್ಲದ ಅಂಚು ಬಿಡಬೇಕೆಂದಿತು. 2019ರಲ್ಲಿ ಸುಪ್ರೀಂ ಕೋರ್ಟು ಆ ನಿರ್ದೇಶನವನ್ನು ರದ್ದುಮಾಡಿತು. ನಗರ ಯೋಜನೆಯಲ್ಲಿದ್ದ 30 ಮೀಟರಿನ ಅಂಚು ಮತ್ತೆ ಆಧಾರವಾಯಿತು. ಕೆರೆಯ ಅಂಚು ಎಷ್ಟಿರಬೇಕೆಂಬ ಪ್ರಶ್ನೆ ಬರಿಯ ಮೀಟರುಗಳ ಜಗಳವಲ್ಲ. ಜೊಂಡು ಬೆಳೆಯುವ, ಹಕ್ಕಿ ಗೂಡು ಕಟ್ಟುವ, ಉಕ್ಕಿದ ನೀರು ಹರಡಿಕೊಳ್ಳುವ ಜಾಗ ಅದೇ ಅಂಚು.

2002ರ ಜೀವವೈವಿಧ್ಯ ಕಾಯಿದೆಯನ್ನೂ ಇಲ್ಲಿ ನೆನೆಯಬೇಕು. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಪ್ರಾಣಿ, ಜನರ ತಿಳಿವಳಿಕೆಗಳ ದಾಖಲೆಯನ್ನು ಬರೆಯಬೇಕು ಎನ್ನುತ್ತದೆ ಆ ಕಾಯಿದೆ. ದೇವನಹಳ್ಳಿಯ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪು ಇದೇ ಕಾಯಿದೆಯಡಿ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. 2022ರಲ್ಲಿ ಕುನ್ಮಿಂಗ್–ಮಾಂಟ್ರಿಯಲ್ ಒಪ್ಪಂದದ 12ನೆಯ ಗುರಿ ನಗರಗಳಲ್ಲಿ ಹಸಿರು ತಾಣಗಳನ್ನೂ ಜಲತಾಣಗಳನ್ನೂ ಒಟ್ಟಿಗೇ ಹೆಸರಿಸಿತು. ಊರಿನ ಯೋಜನೆಯಲ್ಲಿ ಎರಡಕ್ಕೂ ಜಾಗ ಇರಬೇಕು ಎಂಬುದು ಅದರ ಆಶಯ. ಕೆರೆ ಮತ್ತು ತೋಪನ್ನು ಪಕ್ಕಪಕ್ಕದಲ್ಲಿಟ್ಟವರಿಗೆ ಇದು ಹೊಸ ಮಾತಾಗಿ ಕೇಳಿಸುತ್ತಿರಲಿಲ್ಲ.

ದುರಸ್ತಿ, ಯಾರಿಗಾಗಿ?

ನಿರಾಶೆಯ ಕಥೆಯನ್ನಷ್ಟೇ ಹೇಳಿ ಮುಗಿಸುವುದು ಸರಿಯಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನು 2010ರ ಆಸುಪಾಸಿನಲ್ಲಿ ಅಂದಿನ ಮಹಾನಗರ ಪಾಲಿಕೆಯೂ ಸುತ್ತಲಿನ ನಿವಾಸಿಗಳೂ ಸೇರಿ ದುರಸ್ತಿ ಮಾಡಿದರು. ಜಕ್ಕೂರಿನಲ್ಲಿ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡಿನ ಜೌಗಿನ ಮೂಲಕ ಹಾದು ಕೆರೆ ಸೇರುವಂತೆ ಮಾಡಿದ್ದಾರೆ. ಯಂತ್ರ ಅರ್ಧ ಕೆಲಸ, ಗಿಡ ಅರ್ಧ ಕೆಲಸ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಬತ್ತಿದ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಏರಿದೆ ಎಂಬ ಸಂತೋಷ ಒಂದು ಕಡೆ. ನೀರನ್ನು ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಎಂಬ ರೈತರ ಒತ್ತಾಯ ಇನ್ನೊಂದು ಕಡೆ. ಎರಡೂ ನ್ಯಾಯವೇ.

ಆದರೆ ದುರಸ್ತಿಯಲ್ಲೂ ಹಳೆಯ ತಪ್ಪು ಹೊಸ ವೇಷದಲ್ಲಿ ಬರಬಹುದು. ಅನೇಕ ಕಡೆ ಕೆರೆಯನ್ನು ಬಟ್ಟಲಿನಂತೆ ಅಗೆದು, ಅಂಚಿನ ಜೊಂಡು ಕಿತ್ತು, ಸುತ್ತ ಬೇಲಿ ಹಾಕಿ, ನಡಿಗೆಯ ಹಾದಿ ಮಾಡಿ ‘ಅಭಿವೃದ್ಧಿ’ ಎನ್ನುತ್ತಾರೆ. ಬೆಳಗ್ಗೆ ವಾಯುವಿಹಾರಕ್ಕೆ ಬರುವವರಿಗೆ ಬಾಗಿಲು ತೆರೆಯುತ್ತದೆ. ಹುಲ್ಲು ಕೊಯ್ಯುವ ಹೆಂಗಸಿಗೆ, ಮೀನು ಹಿಡಿಯುವವನಿಗೆ, ದನ ಮೇಯಿಸುವವನಿಗೆ ಅದೇ ಬಾಗಿಲು ಮುಚ್ಚುತ್ತದೆ. ಹತ್ತು ಕೆಲಸದ ಕೆರೆಗೆ ಮತ್ತೆ ಒಂದೇ ಕೆಲಸ ಉಳಿಯುತ್ತದೆ. ‘ಸೇವೆ’ ಎಂಬ ಮಾತು ಬಳಸುವಾಗ ಯಾರಿಗೆ ಸೇವೆ ಎಂದು ಕೇಳುವುದನ್ನು ಮರೆಯಬಾರದು. ಬೆಲೆ ಕಟ್ಟುವುದರಲ್ಲೂ ಇದೇ ಅಪಾಯವಿದೆ. ರೂಪಾಯಿಯ ಅಂಕಿ ಕೆರೆಯನ್ನು ಮಂತ್ರಿಗಳ ಮೇಜಿಗೆ ತಲುಪಿಸಬಲ್ಲದು. ಆದರೆ ಇನ್ನೂ ದೊಡ್ಡ ಅಂಕಿಯ ಬೆಲೆ ಬಂದ ದಿನ ಅದೇ ಲೆಕ್ಕ ಕೆರೆಯನ್ನು ಮಾರಲೂಬಹುದು. ಆದ್ದರಿಂದ ಲೆಕ್ಕವೂ ಬೇಕು, ಕಾನೂನೂ ಬೇಕು, ಕಾಯುವ ಜನವೂ ಬೇಕು.

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆಯೆಂದು ಹೇಳುತ್ತಾರೆ. ಅವುಗಳಲ್ಲಿ ಒಂದು ನಿಮ್ಮ ಶಾಲೆ ಅಥವಾ ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿರಬಹುದು. ನಿಮಗೊಂದು ಕೆಲಸ ಹೇಳುತ್ತೇನೆ. ನಾಲ್ಕೈದು ಮಂದಿ ಗೆಳೆಯ ಗೆಳತಿಯರು ಸೇರಿ ಆ ಕೆರೆಯ ಹೆಸರಿನಲ್ಲಿ ಒಂದು ನೋಟ್ ಪುಸ್ತಕ ತೆರೆಯಿರಿ. ನೀರು ಎಲ್ಲಿಂದ ಬರುತ್ತದೆ, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ, ಕಾಲುವೆ ಎಲ್ಲಿ ಮುಚ್ಚಿದೆ ನೋಡಿ ಬರೆಯಿರಿ. ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆ ಬರೆಯಿರಿ. ಊರಿನ ಹಿರಿಯರನ್ನು, ಅದರಲ್ಲೂ ಅಜ್ಜಿಯರನ್ನು ಕೇಳಿ: ಈ ಕೆರೆಯಿಂದ ನಿಮ್ಮ ಮನೆಗೆ ಏನೇನು ಬರುತ್ತಿತ್ತು? ಅವರು ಹೇಳಿದ್ದನ್ನೆಲ್ಲ, ಚಿಕ್ಕದೆಂದು ಬಿಡದೆ, ದಾಖಲಿಸಿ. ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ ಅದರ ಒಂದು ಪ್ರತಿ ಕೊಡಿ.

ಧರ್ಮಾಂಬುಧಿಗೆ ಅಂಥ ಪುಸ್ತಕವನ್ನು ಯಾರೂ ಬರೆಯಲಿಲ್ಲ. ನಿಮ್ಮ ಊರಿನ ಕೆರೆಯ ಮೇಲೆ ನಾಳೆ ಯಾರಾದರೂ ನಕ್ಷೆ ಹಾಸಿ, ಇಲ್ಲಿ ಏನೂ ಇಲ್ಲ, ಖಾಲಿ ಜಾಗ ಎಂದಾಗ, ಮುಂದಿಡಲು ನಿಮ್ಮ ಕೈಯಲ್ಲಿ ಒಂದು ಲೆಕ್ಕದ ಪುಸ್ತಕವಾದರೂ ಇರಲಿ.